ನೀರಿಗೆ ಕೊಟ್ಟ ಹೆಸರು

ನಂಬಿ ಅಂತ ನಾನು ಯಾರ ಕಾಲಿಗೂ ಬೀಳುವುದಿಲ್ಲ. ದೆವ್ವ, ಪಿಶಾಚಿ ಅಂದವರನ್ನು ಕಂಡರೆ ಉರಿದುಬೀಳುತ್ತಿದ್ದವಳು ನಾನು. ಆದರೆ ಇದು ನಡೆದದ್ದು, ನಾನೇ ಕಿವಿಯಾರೆ ಕೇಳಿದ್ದು.

ಕೆರೆ ಕಾಲುವೆಗಳ ಜೀವಿಗಳನ್ನು ಅಭ್ಯಾಸ ಮಾಡುವುದು ನನ್ನ ವೃತ್ತಿ. ಅದರಲ್ಲೂ ಕಪ್ಪೆ. ಗಂಡು ಕಪ್ಪೆಯ ಕೂಗನ್ನು ರೆಕಾರ್ಡ್ ಮಾಡಿ ಸ್ಪೀಕರಿನಲ್ಲಿ ಕೇಳಿಸಿದರೆ, ಹೆಣ್ಣು ಕಪ್ಪೆ ಗಂಡು ಕರೆಯಿತೆಂದು ಹುಡುಕಿಕೊಂಡು ಬರುತ್ತದೆ. ಪಾಪ, ಎಷ್ಟು ಸಲ ಮೋಸಹೋದರೂ ಬರುತ್ತದೆ. ಹೀಗೆ ಅವನ್ನು ಏಮಾರಿಸುವುದರಲ್ಲೇ ನನ್ನ ಅರ್ಧ ಆಯುಸ್ಸು ಕಳೆದಿದೆ.

ಹೋದ ಮುಂಗಾರಿನಲ್ಲಿ ಕೆ.ಆರ್. ಪೇಟೆ ಕಡೆ, ಗೋವಿಂದನಹಳ್ಳಿಯ ಆಚೆ ಒಂದು ಕೆರೆಗೆ ಹೋಗಿದ್ದೆ. ಆಗಷ್ಟೇ ಹೊತ್ತು ಮುಳುಗಿತ್ತು. ನನ್ನನ್ನು ತೆಪ್ಪದಲ್ಲಿ ಕರೆದೊಯ್ಯಲು ಒಪ್ಪಿದ್ದ ಮೀನು ಹಿಡಿಯುವ ಬೋರಣ್ಣ, ಹತ್ತುವ ಮೊದಲೇ ಸಿಡುಕಿದ.

“ಕತ್ಲಾದ್ ಮ್ಯಾಲೆ ಈ ನೀರ್ ಮ್ಯಾಲೆ ಯಾರ ಎಸ್ರೂ ಏಳ್ಬಾರ್ದು ಕಣವ್ವ. ಕರೀಬೇಕಾದ್ರೆ ‘ಓಯ್’ ಅನ್ನಿ, ಸಾಕು.”

ಹೂಂ ಅಂದೆ. ಒಳಗೊಳಗೇ ನಕ್ಕೆ.

ಕೆರೆಯ ನಡುವೆ ಕೊಳೆತ ಜೊಂಡಿನ ವಾಸನೆ... ಸುತ್ತಲೂ ವಟವಟ. ರೆಕಾರ್ಡರ್ ಒತ್ತಿದೆ. ಶುರುವಿನಲ್ಲಿ ನಮ್ಮ ಹೆಸರು, ಜೊತೆಗಿರುವವರ ಹೆಸರು ಹೇಳುವುದು ನಮ್ಮ ಕೆಲಸದ ರೂಢಿ. ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತು...

“ಸುನಂದಾ. ಜೊತೆಗೆ, ಬೋರೇಗೌಡ.”

ಬೋರಣ್ಣನ ಕೈಯ ಹುಟ್ಟು ನಿಂತಿತು.

“ಯಾಕವ್ವ ನನ್ ಎಸ್ರ ನೀರಿಗ್ ಕೊಟ್ಬುಟ್ರಿ? ಮೊಮ್ಮಕ್ಳ ಮೊಕ ನೋಡೋದ್ ಬ್ಯಾಡ್ವಾ ನಾನು?”

“ಕಪ್ಪೆಗೆ ನಿನ್ ಎಸ್ರು ಕಟ್ಕೊಂಡು ಏನಾಗ್ಬೇಕು, ಸುಮ್ಕಿರಣ್ಣ” ಅಂತ ರೇಗಿದೆ.

ಅಷ್ಟರಲ್ಲಿ ಕಪ್ಪೆಗಳು ಸುಮ್ಮನಾದವು. ಒಂದೊಂದಾಗಿ ಅಲ್ಲ, ಎಲ್ಲವೂ ಒಟ್ಟಿಗೆ. ಇಷ್ಟು ವರ್ಷಗಳಲ್ಲಿ ಅಂಥ ಮೌನವನ್ನು ನಾನು ಕಂಡಿರಲಿಲ್ಲ.

ಜೊಂಡಿನ ಆಚೆಯಿಂದ ದನಿ ಬಂತು...

“ಬೋರೇಗೌಡ.”

ನನ್ನದೇ ದನಿ. ನಾನೋ ತುಟಿ ಕಚ್ಚಿಕೊಂಡು ತೆಪ್ಪದೊಳಗೆ ಕೂತಿದ್ದೆ. ಸ್ಪೀಕರು ಇನ್ನೂ ಚೀಲದಲ್ಲೇ ಇತ್ತು.

“ಬೋರೇಗೌಡ...” ಈ ಸಲ ಹತ್ತಿರದಿಂದ. ಮಗುವನ್ನು ಊಟಕ್ಕೆ ಕರೆದ ಹಾಗೆ.

“ಆ... ಬಂದೆ” ಅಂದ ಬೋರಣ್ಣ. ಎದ್ದು ಒಂದು ಕಾಲನ್ನು ನೀರಿಗಿಟ್ಟ. ತೆಪ್ಪ ವಾಲಿತು. ಸೊಂಟ ತಬ್ಬಿ ಅವನನ್ನು ಒಳಕ್ಕೆ ಕೆಡವಿದೆ. ಒದ್ದ, ನನ್ನ ಕೈ ಕಚ್ಚಿದ. ಕೆಳಗೆ ಏನೋ ತೆಪ್ಪದ ತಳ ಕೆರೆಯುತ್ತಿತ್ತು... ನಿಧಾನಕ್ಕೆ, ಸುತ್ತಲೂ. ಅವನ ಮೇಲೆ ಕೂತೇ ಹುಟ್ಟು ಹಾಕಿದೆ. ದಡ ಹೇಗೆ ಸೇರಿದೆವೋ ಕೇಳಬೇಡಿ.

ಬೋರಣ್ಣ ಬದುಕಿದ್ದಾನೆ. ತೆಪ್ಪ ಮಾರಿ ನಾಗಮಂಗಲದಲ್ಲಿ ಮಗಳ ಮನೆ ಸೇರಿಕೊಂಡ. ಫೋನ್ ಮಾಡಿದರೆ ‘ಓಯ್’ ಅನ್ನಬೇಕು. ಹೆಸರು ಹಿಡಿದು ಕರೆದರೆ ಇಟ್ಟುಬಿಡುತ್ತಾನೆ.

ರೆಕಾರ್ಡಿಂಗ್ ಕೇಳಿದ ಸಹೋದ್ಯೋಗಿಗಳು ಪ್ರತಿಧ್ವನಿ ಅಂದರು. ಪ್ರತಿಧ್ವನಿ ಹತ್ತಿರ ಬರುತ್ತದೆಯೇ? ದನಿ ಕದ್ದು ಕರೆಯಲು ಕಲಿತ ಪ್ರಾಣಿ ಉಪವಾಸ ಬೀಳುವುದಿಲ್ಲ. ತರಗತಿಯಲ್ಲಿ ನಾನೇ ಹೇಳಿಕೊಡುವ ಮಾತಿದು.

ಹೊಟ್ಟೆಪಾಡು, ಈಗಲೂ ಕೆರೆಗೆ ಹೋಗುತ್ತೇನೆ. ಮುಸ್ಸಂಜೆಯಲ್ಲಿ ಕಪ್ಪೆಗಳು ಸುಮ್ಮನಾದರೆ ಎರಡೂ ಕಿವಿ ಮುಚ್ಚಿಕೊಳ್ಳುತ್ತೇನೆ. ಅವತ್ತು ನಾನು ಹೇಳಿದ್ದು ಎರಡು ಹೆಸರು. ನೀರು ಇನ್ನೂ ಒಂದನ್ನಷ್ಟೇ ಕರೆದಿದೆ.