ಗುಳಿಗೆ ಒಲ್ಲೆನೆಂದ ಅತ್ತೆ

ಇಂದು ಹಾಲು ಕಾಸಿದೆ, ಮೋಟಾರ್ ಹಾಕಿ ಟ್ಯಾಂಕಿ ತುಂಬಿಸಿದೆ, ಹೆಸರುಕಾಳು ನೆನೆಹಾಕಿದೆ. ರೊಟ್ಟಿ ಬಡಿಯಲು ಕೂತಾಗ ಅತ್ತೆ ನೆನಪಾದರು. ಹಿಟ್ಟು ಮೆತ್ತಿದ ಅಂಗೈಯನ್ನು ಗಾಳಿಯಲ್ಲೇ ನಿಲ್ಲಿಸಿ, ಬಲಗಿವಿಯನ್ನು ಕಿಟಕಿಯತ್ತ ವಾಲಿಸಿ ರೈಲಿನ ಸದ್ದು ಹಿಡಿಯುತ್ತಿದ್ದವರು. ಅವರು ತೀರಿಹೋಗಿ ಎರಡು ವರ್ಷವಾಯಿತು.

ಮಲ್ಕಾಜ್‌ಗಿರಿಯಲ್ಲಿ ನಮ್ಮ ಮನೆಯ ಹಿಂದೆಯೇ ಹಳಿ. ಮಾವ ರೈಲ್ವೆಯವರು. ಅವರ ಡ್ಯೂಟಿಗೆ ತಕ್ಕಂತೆ ಅಡುಗೆ ಮಾಡಿ ಮಾಡಿ, ಅವರು ತೀರಿಕೊಂಡ ಮೇಲೂ ಅತ್ತೆಯ ದಿನ ರೈಲಿನ ಹಿಂದೆಯೇ ಓಡುತ್ತಿತ್ತು. ಒಂದು ಗಾಡಿಗೆ ಏಳುವುದು, ಇನ್ನೊಂದಕ್ಕೆ ಕುಕ್ಕರ್ ಇಡುವುದು, ಸಂಜೆಯ ಲೋಕಲ್‌ಗೆ ದೀಪ. ಗಡಿಯಾರ ನೋಡಿದ್ದನ್ನು ನಾನು ಕಾಣೆ.

ಲಾಕ್‌ಡೌನಿನಲ್ಲಿ ಪ್ಯಾಸೆಂಜರ್ ಗಾಡಿಗಳು ನಿಂತವು. ಗೂಡ್ಸ್ ಮಾತ್ರ ಹೊತ್ತುಗೊತ್ತಿಲ್ಲದೆ ಹೋಗುತ್ತಿತ್ತು. ಅತ್ತೆ ಹಗಲೆಲ್ಲ ತೂಕಡಿಸುವರು, ರಾತ್ರಿಯೆಲ್ಲ ಹೊರಳಾಡುವರು. ಊಟ ಸೇರದಾಯಿತು. ಒಂದು ಸಂಜೆ ಗೂಡ್ಸ್ ಸದ್ದಿಗೆ ಎಚ್ಚರವಾಗಿ, ಬೆಳಗಿನ ಗಾಡಿಯೆಂದೇ ತಿಳಿದು, ಸ್ನಾನ ಮಾಡಿ, ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಹಾಲಿನವನಿಗಾಗಿ ಗೇಟಿನಲ್ಲಿ ನಿಂತರು. ಪಕ್ಕದ ಮನೆಯವರು ನಕ್ಕರು.

ನನ್ನ ಗಂಡ ಹೆದರಿದರು. ಡಾಕ್ಟರಿಗೆ ಫೋನ್ ಮಾಡಿ ನಿದ್ದೆ ಗುಳಿಗೆ ತಂದರು. ಹೊತ್ತಲ್ಲದ ಹೊತ್ತಿನಲ್ಲಿ ಹತ್ತಿ ಬಿದ್ದಾರೆಂದು ಮಾಳಿಗೆಯ ಬಾಗಿಲಿಗೆ ಬೀಗವನ್ನೂ ಹಾಕಿದರು.

"ಅವ್ವಾ, ನುಂಗು. ತಲಿ ಹಗುರಾಕೈತಿ."

"ನಂಗ ಹೊತ್ತು ತಪ್ಪೈತಿ, ತಲಿ ಕೆಟ್ಟಿಲ್ಲ," ಎಂದರು ಅತ್ತೆ. "ಕೀಲಿ ಕೊಡು. ಬಿಸಿಲಿಗೆ ಕೂಡ್ತೀನಿ."

"ಬಿದ್ರ ಈಗ ಯಾವ ದವಾಖಾನಿಗೆ ಒಯ್ಯಲಿ?"

"ನಿಮ್ಮಪ್ಪ ರಾತ್ರಿ ಡ್ಯೂಟಿ ಮಾಡಿ ಹಗಲು ಮಲಗ್ತಿದ್ರು. ಹುಚ್ಚು ಹಿಡದೈತಿ ಅಂತ ಯಾರರ ಅಂದ್ರೇನು?"

ಮಗ ಬೀಗ ತೆಗೆಯಲಿಲ್ಲ. ಕೀಲಿಯನ್ನೂ ಕೊಡಲಿಲ್ಲ. ಮರುದಿನ ಬೆಳಿಗ್ಗೆ ಅತ್ತೆ ಸೆರಗು ಸಿಕ್ಕಿಸಿಕೊಂಡು, ಬೀಗದ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನು ಚಹಾ ಒಯ್ದೆ.

"ಮ್ಯಾಲ ಹೋದ ಮ್ಯಾಲ ಕುಡೀತೀನಿ. ಅವಂಗ ಹೇಳು."

ಚಹಾ ಆರಿತು. ಕೀಲಿ ಬಂತು.

ಅಂದಿನಿಂದ ಬೆಳಗಿನ ಬಿಸಿಲಿನಲ್ಲಿ ಕೂತು ತೊಗರಿಬೇಳೆ ಆರಿಸಿದರು, ತಲೆ ಬಾಚಿದರು, ಈ ಗೋಡೆಯಿಂದ ಆ ಗೋಡೆಗೆ ಅಡ್ಡಾಡಿದರು. ಮಧ್ಯಾಹ್ನ ನಿದ್ದೆಗೆ ಜಾರಬಾರದೆಂದು ಹಾಸಿಗೆ ಸುತ್ತಿ ಮೂಲೆಗಿಟ್ಟು ಸ್ಟೂಲಿನ ಮೇಲೆ ಕೂತರು. ಕಣ್ಣು ಜಗ್ಗುತ್ತಿತ್ತು.

"ಏನರ ಮಾತಾಡವಾ. ಜಗಳಾನರ ತಗಿ."

"ಏನ್ ತಗೀಲಿ ಅತ್ತೀ? ನಿಮ್ಮ ಸಾರಿಗೆ ಎಂದೂ ಉಪ್ಪು ಸಾಲೂದಿಲ್ಲ."

"ಮತ್ತ ಇಷ್ಟು ವರ್ಷ ಯಾಕ ಸುಮ್ಮನ ಉಂಡಿ?"

ದೀಪ ಹಚ್ಚುವವರೆಗೂ ಜಗಳಾಡಿದೆವು. ನಾಲ್ಕೈದು ದಿನ ಹೀಗೇ ನಡೆಯಿತು. ಸಾರು ಮುಗಿದ ಮೇಲೆ ನನ್ನ ತವರನ್ನೂ ಎಳೆದರು. ಈಗ ನಿದ್ದೆ ತಪ್ಪುವ ವಯಸ್ಸು ನನ್ನದು. ಹಗಲು ನೆಲಕ್ಕೆ ಬೆನ್ನು ತಾಗಿಸದೆ ಹಟ ಹಿಡಿಯುವುದನ್ನು ಕಲಿತದ್ದು ಅವರಿಂದ.

ಕೊನೆಗೊಂದು ರಾತ್ರಿ ಬಿಸಿ ಅನ್ನ, ಪುಂಡಿಪಲ್ಯ, ಮೇಲೆ ಮಜ್ಜಿಗೆ. ಅತ್ತೆ ಕೇಳಿ ಎರಡನೇ ಸಲ ಅನ್ನ ಹಾಕಿಸಿಕೊಂಡರು. ಮಗ ಗುಳಿಗೆಯನ್ನು ಕಿಸೆಯಲ್ಲಿಟ್ಟುಕೊಂಡು ಬಾಗಿಲಲ್ಲಿ ಕಾವಲು ಕೂತಿದ್ದರು. ನಾನಿನ್ನೂ ತಾಟು ತೊಳೆಯುತ್ತಿದ್ದೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ನಿದ್ದೆ ಹೋದವರು ಅತ್ತೆ.