ರಕ್ತ ತಕ್ಕೊಳ್ಳೋ ಕೆಲ್ಸ

ನಾನು ಎಸ್ಸೆಸ್ಸೆಲ್ಸಿ ಪಾಸಾಗೋ ಹೊತ್ಗೆ ನನ್ನ ವಾರ್ಗೆಯೋರಿಗೆ ಮಕ್ಳು ಹುಟ್ಟಿ ನಡೆಯಾಕ್ಕೂ ಕಲ್ತಿದ್ವು. ಮಲೇರಿಯಾದೋರ ಕೆಲ್ಸ ಸಿಕ್ತು. ಕೆ.ಆರ್. ಪೇಟೆ ಸುತ್ತಿನ ಹಳ್ಳಿಗಳ್ಗೆ ಸೈಕಲ್ ತುಳ್ಕೊಂಡು ಹೋಗಿ, ಜ್ವರ ಬಂದೋರ ಬೆರಳಿಗೆ ಸೂಜಿ ಚುಚ್ಚಿ, ಒಂದು ತೊಟ್ಟು ರಕ್ತಾನ ಗಾಜಿನ ಪಟ್ಟಿ ಮೇಲೆ ಸವರ್ಕೊಂಡು ಬರ್ಬೇಕು. ರೋಗ ಕಂಡ್ರೆ ಮಾತ್ರೆ ತಕ್ಕೊಂಡೋಗಿ, ರೋಗಿ ನಮ್ಮೆದ್ರಿಗೇ ನುಂಗೋಗಂಟ ನಿಲ್ಬೇಕು.

ಆಗ ರಕ್ತ ಕುಡಿಯೋ ಪಿಶಾಚಿ ಕಾದಂಬರಿಗಳ ಹುಚ್ಚು. ಪೇಟೇಲಿ ಬಾಡ್ಗೆಗೆ ಸಿಗೋವು. ಸಿಂಧಘಟ್ಟದ ಕಡೆ ಒಂದೂರಲ್ಲಿ ಸಂಜೆ ಟೈಲರು ಓದೋನು, ಅಂಗ್ಡೀಲಿ ಕೂತೋರು ಕೇಳೋರು. ನಾನು ಹೊಲಗೇರೀಲಿ ಹುಟ್ಟಿದೋನು, ಕೆಳಗೆ ಬೀದೀಲಿ ಸೈಕಲ್ ಹಿಡ್ಕೊಂಡು ನಿಂತು ಕೇಳ್ತಿದ್ದೆ. ಆ ಪುಸ್ತಕ ನಾನೂ ಓದಿದ್ದೆ. ಅದ್ರಲ್ಲಿ ಪಿಶಾಚಿ ಸುಣ್ಣದಂಗೆ ಬೆಳ್ಳಗಿದ್ದ, ಒಡೆಯ, ಬೆಟ್ಟದ ಮೇಲೆ ಬಂಗ್ಲೆ, ಸುತ್ತಾ ಅವನ್ದೇ ಜಮೀನು. ಊರೋರು ಅವನ್ಗೆ ಕೈ ಮುಗಿಯೋರು. ಆದ್ರೆ ರಟ್ಟಿನ ಮೇಲೆ ಚಿತ್ರ ಬರ್ದೋನು ಅವನ್ನ ಕರ್ರಗೆ, ದಪ್ಪ ತುಟಿ, ಕೆದ್ರಿದ ತಲೆ ಮಾಡಿದ್ದ. ಕೇಳೋರ ಕಣ್ಣಲ್ಲಿ ಕೂತಿದ್ದು ರಟ್ಟಿನ ಮೇಲಿನೋನೇ.

ಒಳಗೆ ಬೆಳ್ಳಗವ್ನೆ ಅಂತ ಬರ್ದೈತಲ್ಲಾ ಅಂದೆ ಒಂದ್ಸಲ. ಟೈಲರು ನನ್ನ ಮೇಲಿಂದ ಕೆಳಗಂಟ ನೋಡ್ದ.

"ಸೂಜಿ ಇಟ್ಕೊಂಡು ಇಲ್ಲೇ ನಿಂತವ್ನೆ, ಇನ್ನ ಪುಸ್ತ್ಕ ಯಾಕ್ಲಾ?"

ಎಲ್ರೂ ನಕ್ರು. ನಾನೂ ನಕ್ಕೆ. ಮೇಲಿರೋನ್ಗೆ ಹೆದ್ರುತೀನಿ ಅಂತ ಒಪ್ಕೊಳ್ಳಾಕೆ ಜನಕ್ಕೆ ನಾಚ್ಕೆ. ಕೆಳಗಿರೋನ್ಗೆ ಹೆದ್ರುದ್ರೆ ಹೊಡ್ದಾದ್ರೂ ಹಾಕ್ಬೋದು.

ಆ ಊರ ಪಟೇಲ್ರ ಮೊಮ್ಮಗನಿಗೆ ಜ್ವರ ಬಂತು. ನಾನು ಹೊಸ್ಲು ದಾಟಂಗಿಲ್ಲ, ಮಗೂನ ಹೊರಕ್ಕೆ ತರ್ಸಿ ಬುದ್ಧಿ ಅಂತ ಕೇಳ್ಕೊಂಡೆ. ತಮ್ಮನೆ ರಕ್ತ ನನ್ನ ಕೈಗೆ ಕೊಡಾಕಿಲ್ಲ ಅಂದ್ರು. ಆದ್ರೆ ಮಾತ್ರೆ ಬೇಕು. ಕೊಟ್ಟಿಗೇಲಿ ಸಗಣಿ ಬಾಚ್ತಿದ್ದ ಆಳಿನ ಹೆಂಡ್ತೀನ ಕೂಗುದ್ರು. ಹಸಿ ಬಾಣಂತಿ, ನಮ್ಮ ಪೈಕಿಯೋಳೇ.

"ಇವಳ್ದು ತಕೋ. ರಕ್ತ ಎಲ್ಲಾ ಒಂದೇ ಅಂತ ನಿಮ್ಮೋರೇ ಭಾಸ್ಣ ಮಾಡ್ತಾರಲ್ಲಾ."

ಅವ್ಳು ಕೈ ತೊಳ್ಕೊಂಡು ಬೆರಳು ಚಾಚುದ್ಲು. ಬೆರಳು ಕೆಂಡದಂಗಿತ್ತು. ಅವ್ಳ ಹೆಸ್ರಲ್ಲೇ ಕಳ್ಸ್ದೆ. ರೋಗ ಐತೆ ಅಂತ ಬಂತು.

ಮಾತ್ರೆ ತಕ್ಕೊಂಡೋದೆ. ಅವ್ಳು ಕೊಟ್ಟಿಗೆ ಹುಲ್ಲಿನ ಮೇಲೆ ಗಡಗಡ ನಡುಗ್ತಾ ಮಲಗಿದ್ಲು. ಅಲ್ಲಿಗಂಟ ಹೋಗಾಕ್ಕೂ ಬುಡ್ನಿಲ್ಲ ಪಟೇಲ್ರು. ಪೊಟ್ಣ ಕೆಳಗಿಡು ಅಂದ್ರು. ರೋಗ ಇರೋದು ಇವ್ಳಿಗೆ, ಇವ್ಳೇ ನುಂಗ್ಬೇಕು, ಇಲ್ದಿದ್ರೆ ಉಳಿಯಾಕಿಲ್ಲ ಅಂತ ನೆಲಕ್ಕೆ ಹಣೆ ಹಚ್ಚಿ ಹೇಳ್ದೆ.

"ನಮ್ಮ ಆಳು ಕೊಟ್ಟ ರಕ್ತ, ಅದ್ರ ಮಾತ್ರೆ ನಮ್ದಲ್ವೇನ್ಲಾ?"

ಪೊಟ್ಣಕ್ಕೆ ನೀರು ಚಿಮುಕ್ಸಿ, ಎತ್ಕೊಂಡು ಒಳಕ್ಕೆ ಹೋದ್ರು. ಹುಲ್ಲಿನ ಮೇಲಿಂದ ಅವ್ಳು, "ಹೋಗಣ್ಣ, ಬೈಸ್ಕೋಬ್ಯಾಡ" ಅಂದ್ಲು.

ಆಫೀಸಲ್ಲಿ ಕೇಳುದ್ರೆ, ಪಟೇಲ್ರನ್ನ ಎದುರು ಹಾಕ್ಕೊಂಡು ಕೆಲ್ಸ ಮಾಡಾಕಾಯ್ತದೇನಯ್ಯ ಅಂದ್ರು ಸಾಹೇಬ್ರು. ಕಾಡಿ ಬೇಡಿ ಇನ್ನೊಂದು ಪೊಟ್ಣ ಇಸ್ಕೊಂಡು ಹೋಗೋ ಹೊತ್ಗೆ ಅವ್ಳನ್ನ ಮಣ್ಣು ಮಾಡಿದ್ರು. ಪಟೇಲ್ರ ಮೊಮ್ಮಗ ಜಗಲೀಲಿ ಗೋಲಿ ಆಡ್ತಿದ್ದ.

ನಾನು ರಕ್ತ ತಕ್ಕೊಂಡ ಮೇಲೇ ಅವ್ಳು ಬಿದ್ದೋಗಿದ್ದು ಅಂತ ಪಟೇಲ್ರು ಊರಿಗೆಲ್ಲಾ ಹೇಳಿದ್ರು. ಅವ್ಳ ಗಂಡ ಬಾರ್ಕೋಲು ಹಿಡ್ಕೊಂಡು ಬಂದ.

"ನನ್ನೆಂಡ್ತಿ ರಕ್ತ ಕುಡ್ದ್ಬುಟ್ಯಲ್ಲೋ, ನಮ್ಮ ಪೈಕಿಯೋನಾಗಿ."

ಮಾತ್ರೆ ವಿಷ್ಯ ಹೇಳಾಕೆ ಬಾಯಿ ತೆಗ್ದೆ. ಬಾಯಿ ಮೇಲೇ ಹೊಡ್ದ. ಬಿದ್ದ ಮೇಲೂ ಹೊಡ್ದ. ಜೇಬಲ್ಲಿದ್ದ ಪೊಟ್ಣ ಒಡ್ದು ಮಣ್ಣಾಯ್ತು. ಜನ ಸುತ್ತಾ ನಿಂತು ನೋಡ್ತಿದ್ರು, ಟೈಲರೂ ಇದ್ದ. ಕೊನೇಗೆ ಪಟೇಲ್ರು ಜಗಲೀಲಿ ಕೂತ್ಕೊಂಡೇ, "ಸಾಕು ಬುಡ್ಲಾ, ಸತ್ತು ಗಿತ್ತೋದಾನು" ಅಂದ್ರು.

ಅವ್ನು ತಕ್ಷಣ ನಿಲ್ಲಿಸ್ದ, ತಲೆ ಬಗ್ಗಿಸ್ಕೊಂಡು ಕೊಟ್ಟಿಗೆ ಕಡೆ ಹೋದ. ಹೆಂಡ್ತಿ ಬಿಟ್ಟೋದ ಕೆಲ್ಸ ಇತ್ತು. ನಾನು ಎದ್ದು ಬಾಯಿ ಒರೆಸ್ಕೊಂಡು, ಬುಡ್ಸಿದ್ದಕ್ಕೆ ಪಟೇಲ್ರಿಗೆ ಕೈ ಮುಗ್ದೆ.