ನಡೆಯುವವರು ಬಲಕ್ಕೆ, ಸೈಕಲ್ಲಿನವರು ಎಡಕ್ಕೆ

2003ರ ಬೇಸಿಗೆಯಲ್ಲಿ ಡಾಕ್ಟರು ಪ್ರಭಾವತಿಗೆ ಬಿ.ಪಿ. ಗುಳಿಗೆ ಬರೆದುಕೊಟ್ಟು, ಗುಳಿಗೆ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧ ನಿಮ್ಮ ಕಾಲು ಮಾಡಬೇಕು ಎಂದರು. ಅವಳಿಗಾಗ ನಲವತ್ತಾರು. ಧಾರವಾಡದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಇಪ್ಪತ್ತೆರಡು ವರ್ಷ ಕುರ್ಚಿ ಬಿಟ್ಟೇಳದೆ ಟಿಪ್ಪಣಿ ಬರೆದಿದ್ದಳು. ಗಂಡ ತೀರಿಕೊಂಡಿದ್ದ, ಮಗಳು ಬೆಳಗಾವಿಯಲ್ಲಿ ಬಿ.ಎಡ್. ಓದುತ್ತಿದ್ದಳು. ಸಪ್ತಾಪುರದ ಬಾಡಿಗೆ ಮನೆಯಲ್ಲಿ ಇದ್ದವರು ಅವಳು ಮತ್ತು ತಾಯಿ ಅಕ್ಕವ್ವ, ಇಬ್ಬರೇ.

ಊರ ಹೊರಗೆ ಅರಣ್ಯ ಇಲಾಖೆಯ ಕಾಯ್ದಿಟ್ಟ ಅಡವಿಯೊಂದಿತ್ತು. ಗೇಟಿನಿಂದ ಹೊರಟು, ಗುಡ್ಡದ ಬೆನ್ನೇರಿ, ಹಳ್ಳಕ್ಕಿಳಿದು, ತೇಗದ ಗಿಡಗಳ ನಡುವೆ ಹಾದು ಮತ್ತೆ ಅದೇ ಗೇಟಿಗೆ ಬಂದು ಮುಟ್ಟುವ ಸುತ್ತುದಾರಿ. ಐದು ಕಿಲೋಮೀಟರು. ಮೊದಲ ದಿನ ಏರಿನಲ್ಲಿ ಮೂರು ಸಲ ನಿಂತಳು. ತಿಂಗಳು ಕಳೆಯುವಷ್ಟರಲ್ಲಿ ಒಂದೇ ಉಸಿರಿಗೆ ಏರತೊಡಗಿದಳು. ಬೆಳಗಿನ ಆರಕ್ಕೆ ಬರುವ ಮೂವತ್ತು ನಲವತ್ತು ಮಂದಿಯ ಗುರುತೂ ಆಯಿತು.

ಅಕ್ಕವ್ವನಿಗೆ ಮಾತ್ರ ಇದು ತಿಳಿಯದ ವ್ಯವಹಾರ. ಅವಳು ಹರೆಯದಲ್ಲಿ ಅದೇ ಅಡವಿಯಿಂದ ಕಟ್ಟಿಗೆ ಹೊತ್ತು ತಂದು ಧಾರವಾಡದ ಓಣಿಗಳಲ್ಲಿ ಮಾರಿ ಮಗಳನ್ನು ಓದಿಸಿದವಳು. "ಖಾಲಿ ಕೈಲೆ ಅಡವಿಗೆ ಹೋಗಿ ಖಾಲಿ ಕೈಲೆ ಬರೂದಂದ್ರ ಏನವ್ವಾ ಅದು?" ಎಂದು ಒಂದು ದಿನ ಕೇಳಿಬಿಟ್ಟು, ಆಮೇಲೆ ಆ ಗೊಡವೆಗೆ ಹೋಗಲಿಲ್ಲ.

ಆ ದಾರಿಗೆ ಗೇರಿನ ಸೈಕಲ್ಲಿನವರೂ ಬರುತ್ತಿದ್ದರು. ಕಾಲೇಜು ಹುಡುಗರು, ಬ್ಯಾಂಕಿನವರು, ತಲೆಗೆ ಹೆಲ್ಮೆಟ್ಟು, ಬೆನ್ನಿಗೆ ನೀರಿನ ಚೀಲ. ಜುಲೈನಲ್ಲಿ ಒಂದು ಮಳೆಯಾದ ಮರುದಿನ ಪ್ರಭಾವತಿ ಹಳ್ಳದ ಇಳಿಜಾರಿನಲ್ಲಿ ಹೆಜ್ಜೆ ನೋಡಿ ಇಡುತ್ತಿದ್ದಾಗ ಹಿಂದಿನಿಂದ ಒಂದು ಸೈಕಲ್ಲು ಬಂತು. ಒದ್ದೆ ಮಣ್ಣಿನಲ್ಲಿ ಸಪ್ಪಳವೇ ಇಲ್ಲ. ಬ್ರೇಕು ಕಿರ್ರೆಂದಾಗ ಗಾಬರಿಯಾಗಿ ಪಕ್ಕಕ್ಕೆ ಹಾರಿದಳು, ಪೊದೆಯಾಗಿ ಬೆಳೆದ ಕವಳಿ ಕಂಟಿಯ ಮೇಲೆ ಬಿದ್ದಳು. ಎಡಗೈ ಮಣಿಕಟ್ಟಿನ ಎಲುಬು ಬಿರುಕುಬಿಟ್ಟಿತು.

ಸೈಕಲ್ಲಿನವನ ಹೆಸರು ಶಶಿಕಾಂತ. ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ, ಮೂವತ್ತರ ಆಸುಪಾಸು. ಸೈಕಲ್ಲನ್ನು ಅಲ್ಲೇ ಒಗೆದು, ಟವೆಲ್ಲಿನಿಂದ ಅವಳ ಕೈಯನ್ನು ಕೊರಳಿಗೆ ಕಟ್ಟಿ, ಗೇಟಿನವರೆಗೂ ನಡೆಸಿಕೊಂಡು ಬಂದು ಆಟೋದಲ್ಲಿ ದವಾಖಾನೆಗೆ ಕರೆದೊಯ್ದ. ದಾರಿಯುದ್ದಕ್ಕೂ ತಪ್ಪಾಯಿತೆಂದು ಹೇಳುತ್ತಲೇ ಇದ್ದ. ಅವಳು ಅವನಿಂದ ದೂರ ಸರಿದು ಆಟೋದ ಅಂಚಿಗೆ ಕೂತಳು. ಸಿಟ್ಟು ಅಷ್ಟಿತ್ತು.

ವಾಕಿಂಗಿನವರಿಗೆ ಹಿರಿಯರೆಂದರೆ ನಿವೃತ್ತ ಹೆಡ್‌ಮಾಸ್ತರ ಗುರುಶಿದ್ದಪ್ಪ. ಅವರು ನಾಲ್ಕು ಮಂದಿಯನ್ನು ಕರೆದುಕೊಂಡು ಮನೆಗೆ ಬಂದರು. ಅಡವಿಯೊಳಗೆ ಸೈಕಲ್ಲನ್ನೇ ಬಿಡಬಾರದೆಂದು ಇಲಾಖೆಗೆ ಅರ್ಜಿ ಕೊಡೋಣ, ಸಹಿ ನಾನು ಮಾಡಿಸುತ್ತೇನೆ, ಅರ್ಜಿ ಬರೆಯುವುದರಲ್ಲಿ ನಿಮ್ಮನ್ನು ಮೀರಿಸುವವರು ಯಾರು ಎಂದರು. ಪ್ರಭಾವತಿ ಕೂಡಲೇ ಒಪ್ಪಿದಳು. ಬಲಗೈ ಗಟ್ಟಿಯಿತ್ತಲ್ಲ, ಅಂದೇ ಸಂಜೆ ಒಂದೂವರೆ ಪುಟ ಬರೆದಳು. ಕಚೇರಿಯ ಭಾಷೆಯಲ್ಲಿ ಎಲ್ಲಿಯೂ ಸಂದಿಲ್ಲದ ಅರ್ಜಿ. ತಾಯಿಗೆ ಓದಿ ಹೇಳಿದಳು.

ಅಕ್ಕವ್ವ ಹುರಿದ ಶೇಂಗಾದ ಸಿಪ್ಪೆ ತೆಗೆಯುತ್ತಾ ಪೂರ್ತಿ ಕೇಳಿಸಿಕೊಂಡಳು.

"ನಮಗೂ ಹಿಂಗ ಅರ್ಜಿ ಕೊಟ್ಟ ಅಡವಿ ಬಿಡಿಸಿದ್ರು," ಎಂದಳು.

ಯಾರು ಎಂದು ಪ್ರಭಾವತಿ ಕೇಳಿದಳು.

"ಮುಂಜಾನೆ ಅಡ್ಯಾಡಾಕ ಬರ್ತಿದ್ದ ಸಾಹೇಬ್ರು. ಛಲೋ ಮಂದಿನ. ಕಟಿಗಿ ಹೆಣ್ಣಮಕ್ಕಳು ದಾರಿ ತುಂಬ ಬರ್ತಾರ, ಹೊರಿ ತಾಕತಾವು ಅಂತ ಬರದಿದ್ರಂತ. ಮುಂದ ಎಂಟ ದಿನದಾಗ ಗಾರ್ಡ್ ಬಂದು ಕುಡುಗೋಲು ಕಸ್ಕೊಂಡ."

ಪ್ರಭಾವತಿಗೆ ಇದು ಗೊತ್ತೇ ಇರಲಿಲ್ಲ. ಅವಳಾಗ ಏಳನೆಯ ಇಯತ್ತೆ ಓದುತ್ತಿದ್ದಳು. ಅವ್ವ ಕಟ್ಟಿಗೆ ಬಿಟ್ಟು ಮಂದಿಯ ಮನೆಯಲ್ಲಿ ಮುಸುರೆ ತಿಕ್ಕಲು ಹೋದದ್ದು ನೆನಪಿತ್ತು, ಯಾಕೆಂದು ಕೇಳಿರಲಿಲ್ಲ. ಅರ್ಜಿಯನ್ನು ಮಡಚಿ ಕಪಾಟಿನಲ್ಲಿಟ್ಟಳು. ಹರಿದುಹಾಕಲಿಲ್ಲ, ಸಿಟ್ಟು ಇನ್ನೂ ಇತ್ತು.

ಕೈಪಟ್ಟಿ ಬಿಚ್ಚಿದ ಮೇಲೆ ಒಂದು ಭಾನುವಾರ ತಾಯಿಯನ್ನೂ ಕರೆದುಕೊಂಡು ಹೋದಳು. ಎಪ್ಪತ್ತರ ಅಕ್ಕವ್ವ ಸೀರೆ ಎತ್ತಿ ಕಟ್ಟಿ ಮಗಳಿಗಿಂತ ಮುಂದೆ ಏರಿದಳು. ಅಲ್ಲಲ್ಲಿ ನಿಂತು ಇಲ್ಲೊಂದು ಮತ್ತಿ ಮರ ಇತ್ತು, ಇಲ್ಲಿ ಹೊರೆ ಇಳಿಸುವ ಕಲ್ಲಿತ್ತು ಎಂದು ತೋರಿಸಿದಳು. ಹಳ್ಳದ ತಿರುವಿಗೆ ಬಂದಾಗ, ಬಿದ್ದದ್ದು ಇಲ್ಲೇ ಎಂದು ಪ್ರಭಾವತಿ ಹೇಳಿದಳು. ಅಕ್ಕವ್ವ ಹಿಂದೆ ಮುಂದೆ ನೋಡಿದಳು.

"ನೀವೂ ಇತ್ತಾಗ ಇಳೀತೀರಿ, ಅವರೂ ಇತ್ತಾಗ ಇಳೀತಾರ. ಬೆನ್ನಿಗೆ ಕಣ್ಣ ಇರ್ತಾವೇನು? ಆವಾಗ ನಾವು ಹೊರಿ ಹೊತ್ತು ಇತ್ತಾಗಿಂದ ಬಂದ್ರ, ಸೈಕಲ್ ಮ್ಯಾಲೆ ಇದ್ದಲಿ ಒಯ್ಯೋರು ಅತ್ತಾಗಿಂದ ಬರ್ತಿದ್ರು. ಒಬ್ಬರ ಮಾರಿ ಒಬ್ಬರು ನೋಡಕೋಂತ ದಾಟತಿದ್ವಿ."

ಅಷ್ಟರಲ್ಲಿ ತೇಗದ ಕಡೆಯಿಂದ ಗಾರ್ಡ್ ಸೋಮಪ್ಪ ಬಂದ. ಖಾಕಿ ಕಂಡದ್ದೇ ಅಕ್ಕವ್ವ ದಾರಿ ಬಿಟ್ಟು ಕಂಟಿಯ ಮರೆಗೆ ಸರಿದಳು, ಸೆರಗಿನೊಳಗೆ ಕೈ ಮುಚ್ಚಿಕೊಂಡಳು. ಕೈಯಲ್ಲಿ ಏನೂ ಇರಲಿಲ್ಲ. ಸೋಮಪ್ಪ ಮೇಡಂಗೆ ನಮಸ್ಕಾರ ಮಾಡಿ, ಅಮ್ಮ ಯಾರೆಂದು ವಿಚಾರಿಸಿದ.

"ನಮ್ಮವ್ವ ರೀ. ಈ ದಾರಿ ತುಳದು ಮಾಡಿದಾಕಿ," ಎಂದಳು ಪ್ರಭಾವತಿ. ಸೋಮಪ್ಪ ಅಕ್ಕವ್ವನಿಗೂ ಕೈ ಮುಗಿದು ಹೋದ. ತಾಯಿ ಕಂಟಿಯಿಂದ ಈಚೆ ಬರಲು ಒಂದಿಷ್ಟು ಹೊತ್ತು ಹಿಡಿಯಿತು. ಪ್ರಭಾವತಿ ಅವಸರ ಮಾಡಲಿಲ್ಲ.

ಮರುದಿನ ಶಶಿಕಾಂತನನ್ನು ಗೇಟಿನಲ್ಲಿ ನಿಲ್ಲಿಸಿ ಮಾತಾಡಿದಳು. ಗೇಟಿನಿಂದ ನಡೆಯುವವರು ಬಲಕ್ಕೆ ಹೊರಡುವುದು, ಸೈಕಲ್ಲಿನವರು ಎಡಕ್ಕೆ. ಎದುರಾದಾಗ ಸೈಕಲ್ಲು ನಿಲ್ಲಬೇಕು. ಅವನು ಗೆಳೆಯರನ್ನೆಲ್ಲ ಒಪ್ಪಿಸಿದ. ಒಪ್ಪದವರು ಗುರುಶಿದ್ದಪ್ಪನವರು. ಕೈ ಮುರಿಸಿಕೊಂಡವರೇ ಮುರಿದವರ ವಕೀಲಿ ಮಾಡುವುದನ್ನು ಇಲ್ಲೇ ನೋಡಿದೆ ಎಂದು ಎಲ್ಲರೆದುರು ಅಂದರು. ತಾವೇ ಬೇರೆ ಅರ್ಜಿ ಬರೆದು ಹನ್ನೊಂದು ಸಹಿ ಮಾಡಿಸಿ ಕಳಿಸಿದರು. ಪ್ರಭಾವತಿಯೂ ಇದೇ ಬಲ-ಎಡದ ಏರ್ಪಾಟು ಕೇಳಿ ತನ್ನ ಅರ್ಜಿ ಹೊಸದಾಗಿ ಬರೆದಳು. ಕೆಳಗೆ ಸಹಿಗಳ ಜೊತೆ ಅಕ್ಕವ್ವನ ಹೆಬ್ಬೆಟ್ಟೂ ಇತ್ತು.

ಐದು ತಿಂಗಳು ಯಾವ ಸುದ್ದಿಯೂ ಇಲ್ಲ. ಆಮೇಲೆ ಅಧಿಕಾರಿಯೊಬ್ಬರು ಬಂದು ಒಂದು ಸುತ್ತು ನಡೆದು ನೋಡಿಹೋದರು. ಯುಗಾದಿಯ ಹೊತ್ತಿಗೆ ಗೇಟಿನಲ್ಲಿ ಬಾಣದ ಗುರುತಿನ ಎರಡು ಬೋರ್ಡು ಬಂದವು: ನಡೆಯುವವರು ಬಲಕ್ಕೆ, ಸೈಕಲ್ಲಿನವರು ಎಡಕ್ಕೆ. ಭಾನುವಾರ ಸೈಕಲ್ಲಿಗೆ ಪ್ರವೇಶವಿಲ್ಲ ಎಂದೂ ಬರೆದಿತ್ತು. ಆ ಭಾನುವಾರದ ಸಾಲು ತಮ್ಮ ಅರ್ಜಿಯ ಫಲವೆಂದು ಗುರುಶಿದ್ದಪ್ಪನವರು ಹೇಳಿಕೊಂಡರು. ಯಾರೂ ಅಲ್ಲಗಳೆಯಲಿಲ್ಲ.

ಎಲ್ಲರೂ ಬಾಣ ನೋಡಿ ನಡೆದರೆಂದಲ್ಲ. ಹೊಸ ಹುಡುಗರು ತಪ್ಪು ದಿಕ್ಕಿಗೆ ನುಗ್ಗುತ್ತಿದ್ದರು, ಹಳಬರು ಬೈದು ತಿರುಗಿಸುತ್ತಿದ್ದರು. ಆದರೆ ಯಾರ ಎಲುಬೂ ಮುರಿಯಲಿಲ್ಲ. ಅಕ್ಕವ್ವ ಮತ್ತೆ ನಾಲ್ಕೈದು ಸಲ ಬಂದಳು, ಆಮೇಲೆ ಮೊಣಕಾಲು ಒಲ್ಲೆ ಎಂದವು.

2006ರಲ್ಲಿ ಪ್ರಭಾವತಿಗೆ ಬಡ್ತಿ ಸಿಕ್ಕು ಗದಗಿಗೆ ವರ್ಗವಾಯಿತು. ಅಲ್ಲಿ ರಸ್ತೆಯ ಬದಿಗೇ ನಡೆದಳು, ರುಚಿಸಲಿಲ್ಲ. ಶನಿವಾರ ಧಾರವಾಡಕ್ಕೆ ಅವ್ವನ ಹತ್ತಿರ ಬಂದು ಭಾನುವಾರ ಬೆಳಿಗ್ಗೆ ಅಡವಿಗೆ ಹೋಗುವ ರೂಢಿಯಾಯಿತು. ಗುರುಶಿದ್ದಪ್ಪನವರಿಗೆ ಆಗ ಏರಿನಲ್ಲಿ ದಮ್ಮು ಹತ್ತುತ್ತಿತ್ತು. ಅವಳು ಅವರ ಜೊತೆಗೇ ನಿಧಾನ ಏರುತ್ತಿದ್ದಳು, ಅವರು ನಿಂತಲ್ಲಿ ನಿಲ್ಲುತ್ತಿದ್ದಳು. ಅವರು ಹೆಚ್ಚಾಗಿ ಪಿಂಚಣಿಯ ಸುದ್ದಿ ಹೇಳುತ್ತಿದ್ದರು. ಅವಳು ಹೂಂಗುಡುತ್ತಿದ್ದಳು.